ಮೂರನೆಯ ಚೌಕ

“ಇವಳು ಹೇಗೆ ಬೀಳುತ್ತಾಳೆ?” ಎಂದು ಅಂಗಡಿಯವನು ಕೇಳಿದ. ಮಗಳಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳನ್ನು, ಕೊಡಿಸಲು ಹೋಗಿದ್ದೆ. ಮಗು ಹೇಗೆ ಓದುತ್ತೆ, ಹೇಗೆ ಹಾಡುತ್ತೆ ಎಂದು ಕೇಳಿದವರನ್ನು ಕಂಡಿದ್ದೇನೆ. ಹೇಗೆ ಬೀಳುತ್ತೆ ಎಂದು ಕೇಳಿದವನು ಇವನೊಬ್ಬನೇ. ಅವಳು ಬೀಳುವುದಿಲ್ಲ ಅಂದುಬಿಟ್ಟೆ. ಕೀತ್ ಎಂಬ ಆ ಅರವತ್ತರ ಮನುಷ್ಯ ನಗಲಿಲ್ಲ. ಎಲ್ಲರೂ ಬೀಳುತ್ತಾರೆ ಎಂದು ಹೇಳಿ ಕಾಲಿನ ಅಳತೆಪಟ್ಟಿ ತರಲು ಒಳಗೆ ಹೋದ.

ನಾವು ಇಂಗ್ಲಿಷರ ನಾಡಿನ ಕೊವೆಂಟ್ರಿಗೆ ಬಂದು ಏಳು ವರ್ಷವಾಗಿತ್ತು. ನಾನು ಕಾರಿನ ಬಾಗಿಲಿನ ಕೊಕ್ಕೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಹೆಂಡತಿ ಸುಧಾ ಆಸ್ಪತ್ರೆಯಲ್ಲಿ ಡಾಕ್ಟರ್. ಅವಳ ರೋಟಾ, ಅಂದರೆ ಯಾವ ದಿನ ಯಾವ ಪಾಳಿ ಎಂಬ ಪಟ್ಟಿ, ನಮ್ಮ ಮನೆಯ ಪಂಚಾಂಗ. ಮಗಳು ಅನಘಾಗೆ ಆಗ ಹದಿನಾಲ್ಕು. ಇವಳು ಮೈಸೂರಲ್ಲಿ ಹುಟ್ಟಿದವಳೇ ಆದರೂ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮೊದಮೊದಲು ಗದರುತ್ತಿದ್ದೆ, ಆಮೇಲೆ ಬಿಟ್ಟೆ.

ಕೊವೆಂಟ್ರಿಯಲ್ಲಿ ಹಿಮ ಬೀಳುವುದೇ ಅಪರೂಪ. ಬಿದ್ದರೂ ಮಧ್ಯಾಹ್ನದೊಳಗೆ ಬಸ್ಸಿನ ಗಾಲಿಗೆ ಸಿಕ್ಕಿ ಕೆಸರಾಗಿರುತ್ತದೆ. ಆದರೂ ಫೆಬ್ರುವರಿ ಬಂತೆಂದರೆ ನನ್ನ ಆಫೀಸಿನ ಅರ್ಧ ಜನ ಕಾರಿನ ತಲೆಯ ಮೇಲೆ ಸ್ಕೀ ಕಟ್ಟಿಕೊಂಡು ಆಲ್ಪ್ಸ್‌ಗೆ ಹೊರಡುತ್ತಾರೆ. ವಾಪಸು ಬಂದಾಗ ಕಣ್ಣಿನ ಸುತ್ತ ಕನ್ನಡಕದ ಬಿಳಿ ಗುರುತು, ಉಳಿದ ಮುಖವೆಲ್ಲ ಕಂದು. ಅಲ್ಲಿಂದ ಎರಡು ವಾರ ಊಟದ ಮೇಜಿನಲ್ಲಿ ಅದೇ ಮಾತು. ನಾನು ಚಿತ್ರಾನ್ನದ ಡಬ್ಬಿ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದೆ. ಇವರ ಹವಾಮಾನದ ಮಾತಿಗೆ ಸೇರಿಕೊಳ್ಳುವುದನ್ನು ಕಲಿತಿದ್ದೆ, ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆಗಂದಾಯವನ್ನು ಬೈಯುವುದನ್ನೂ ಕಲಿತಿದ್ದೆ. ಸ್ಕೀ ಮಾತ್ರ ಬಾಗಿಲು ಹಾಕಿಕೊಂಡ ಕೋಣೆಯಾಗಿಯೇ ಉಳಿದಿತ್ತು. ಹಾಗಿರುವಾಗ ಅನಘಾಳ ಶಾಲೆಯಿಂದ ಆಸ್ಟ್ರಿಯಾಗೆ ಸ್ಕೀ ಪ್ರವಾಸದ ಚೀಟಿ ಬಂದದ್ದು ನನಗೆ ಹಬ್ಬವಾಯಿತು.

ಸಾಮಾನೆಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ ಎಂದು ಚೀಟಿಯಲ್ಲಿತ್ತು. ನನಗೆ ಒಗ್ಗಲಿಲ್ಲ. ಆಫೀಸಿನವರು ಒಂದು ಆಸ್ಟ್ರಿಯನ್ ಬ್ರ್ಯಾಂಡಿನ ಹೆಸರನ್ನು ಮನೆದೇವರ ಹೆಸರಿನಂತೆ ಹೇಳುತ್ತಿದ್ದರು. ಮೂರು ವಾರ ಕೂತು ಅದರ ಹಲಗೆಗಳ ಉದ್ದ, ಅಗಲ, ಬಾಗುವ ಗುಣ ಎಲ್ಲವನ್ನೂ ಹೋಲಿಸಿ ಪಟ್ಟಿ ಮಾಡಿದೆ. ಕಾಲೇಜು ಸೀಟಿಗೂ ಇಷ್ಟು ಒದ್ದಾಡಿರಲಿಲ್ಲ. ಕಲಿಯುವವರಿಗೆ ಗದ್ದದವರೆಗೆ ಬರುವ ಹಲಗೆ, ನುರಿತವರಿಗೆ ಹಣೆಯವರೆಗೆ ಎಂದು ಎಲ್ಲ ಕಡೆ ಬರೆದಿತ್ತು. ನನ್ನ ಪಟ್ಟಿ ಹಣೆಯವರೆಗಿನದರಿಂದಲೇ ಶುರುವಾಗುತ್ತಿತ್ತು.

ಕೀತ್ ಬೂಟು ತಂದು ತೊಡಿಸಿದ. ನಾನು ಬಗ್ಗಿ ಹೆಬ್ಬೆರಳಿಂದ ಬೂಟಿನ ತುದಿ ಒತ್ತಿ ನೋಡಿದೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನಮ್ಮಪ್ಪ ಒತ್ತುತ್ತಿದ್ದದ್ದು ಹೀಗೆಯೇ. ಮುಂದೆ ಒಂದು ಬೆರಳು ಜಾಗವಿದ್ದರೆ ಮುಂದಿನ ವರ್ಷಕ್ಕೂ ಆಯಿತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಏನೂ ತಿಳಿಯಲಿಲ್ಲ. ಒಂದು ಸೈಜ್ ದೊಡ್ಡದು ಕೊಡಿ, ಬೆಳೆಯುವ ಹುಡುಗಿ ಅಂದೆ. ಕೀತ್ ಒಪ್ಪಲಿಲ್ಲ. ಇಂದಿನ ಕಾಲಿಗೆ ಬೂಟು ಕೊಡುತ್ತೇನೆ, ಮುಂದಿನ ವರ್ಷದ ಕಾಲಿಗಲ್ಲ ಎಂದ. ಹಲಗೆಯ ವಿಷಯದಲ್ಲೂ ಗದ್ದದವರೆಗಿನದನ್ನೇ ಕೈಗಿಟ್ಟ. ಎರಡು ಸಲ ಸೋತಿದ್ದೆ. ಮೂರನೆಯದರಲ್ಲಿ ಸೋಲಲು ನಾನು ತಯಾರಿರಲಿಲ್ಲ.

ಮೂರನೆಯದು ಬೈಂಡಿಂಗ್. ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಕೊಕ್ಕೆ ಅದು. ಬಿದ್ದಾಗ ಆ ಕೊಕ್ಕೆ ಬಿಡಬೇಕು. ಬಿಡದಿದ್ದರೆ ಅಷ್ಟುದ್ದದ ಹಲಗೆ ಕಾಲನ್ನು ಹಿಡಿದು ತಿರುಚುತ್ತದೆ. ಎಷ್ಟು ಬಿಗಿ ಇರಬೇಕು ಎಂಬುದಕ್ಕೆ ಒಂದು ಸಂಖ್ಯೆ. ಅದಕ್ಕಾಗಿ ಫಾರಂನಲ್ಲಿ ತೂಕ, ಎತ್ತರ, ವಯಸ್ಸು ಬರೆಯಬೇಕು. ಕೊನೆಯಲ್ಲಿ ಮೂರು ಚೌಕಗಳಿದ್ದವು. ಒಂದು ಎಂದರೆ ಹುಷಾರಿನಿಂದ ನಿಧಾನ ಹೋಗುವವರು, ಹೊಸಬರು. ಎರಡು ಮಧ್ಯಮ. ಮೂರು ಎಂದರೆ ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವವರು. ಮೂರಕ್ಕೆ ಗುರುತು ಹಾಕಿದರೆ ಕೊಕ್ಕೆ ಬಿಗಿಯಾಗುತ್ತದೆ.

“ಅಪ್ಪ, ಐ ಆಮ್ ಎ ಒನ್,” ಎಂದಳು ಅನಘಾ.

ಅವಳು ಮನೆ ಹತ್ತಿರ ಚಾವಣಿಯ ಕೆಳಗೆ ಕೃತಕ ಹಿಮ ಹಾಸಿದ ಇಳಿಜಾರಿನಲ್ಲಿ ಆರು ಪಾಠ ಮುಗಿಸಿದ್ದಳು. ಆರೇ ಪಾಠಕ್ಕೆ ಟೀಚರ್ ಮೆಚ್ಚಿದ್ದರು. ಪಕ್ಕದಲ್ಲಿ ಒಬ್ಬ ತಂದೆ ತನ್ನ ಮಗನ ಫಾರಂ ತುಂಬುತ್ತಿದ್ದ. ನನ್ನ ಮಗಳು ಇವರ ಮಕ್ಕಳಿಗಿಂತ ಏನು ಕಡಿಮೆ ಎಂಬ ಹಳೆಯ ಹುಳ ತಲೆಯೊಳಗೆ ಎದ್ದು ಕೂತಿತು. ನಾನು ಮೂರಕ್ಕೆ ಗುರುತು ಹಾಕಿದೆ.

ಕೀತ್ ಕಾಗದ ನೋಡಿ, ನನ್ನನ್ನು ನೋಡಿ, “ಇದು ಪರೀಕ್ಷೆಯಲ್ಲ, ಸರ್,” ಅಂದ. ಬೇಗ ಕಲಿಯುತ್ತಾಳೆ, ಅಲ್ಲಿಗೆ ಹೋಗುವಷ್ಟರಲ್ಲಿ ಮೂರೇ ಆಗಿರುತ್ತಾಳೆ ಎಂದೆ. ಎರಡು ಸಲ ಕೇಳಿದ, ಎರಡು ಸಲವೂ ಅದನ್ನೇ ಹೇಳಿದೆ. ಕೆಳಗೆ ಪೋಷಕರ ಸಹಿಯ ಜಾಗ ತೋರಿಸಿದ. ನಾನು ಸಹಿ ಹಾಕಿದೆ, ಅವನು ಸ್ಕ್ರೂ ತಿರುಗಿಸಿದ. ಅನಘಾ ಕೈಗವಸಿನ ಸ್ಟ್ಯಾಂಡ್ ಕಡೆ ತಿರುಗಿ ನಿಂತಿದ್ದಳು.

ನಮ್ಮ ಕಡೆ ಫಾರಂ ತುಂಬುವುದು ಒಂದು ಬಗೆಯ ಚೌಕಾಸಿ. ಕೇಳುವವನು ಹೇಗೂ ಅರ್ಧ ನಂಬುವುದಿಲ್ಲ ಎಂದು ನಾವು ಸ್ವಲ್ಪ ಏರಿಸಿ ಬರೆಯುತ್ತೇವೆ. ಅವನು ಮೂಲ ಪ್ರತಿ ಕೇಳುತ್ತಾನೆ, ಗೆಜೆಟೆಡ್ ಅಧಿಕಾರಿಯ ಮೊಹರು ಕೇಳುತ್ತಾನೆ, ಕೊನೆಗೆ ಎಲ್ಲ ಸರಿಹೋಗುತ್ತದೆ. ಇಲ್ಲಿ ಬರೆದದ್ದನ್ನು ನಂಬುತ್ತಾರೆ. ಜಿಪಿ ಹತ್ತಿರ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ, ವಿಳಾಸ ಬಾಯಲ್ಲಿ ಹೇಳಿದರೆ ಸಾಕು. ಮೊದಲ ವರ್ಷ ಇದನ್ನು ಕಂಡು ಎಂಥ ಮುಗ್ಧ ಜನ ಎಂದು ಮನೆಯಲ್ಲಿ ನಗಾಡಿದ್ದೆವು. ಯಾರೂ ಅದರಲ್ಲಿ ಅರ್ಧ ಕಳೆದು ನೋಡುವುದಿಲ್ಲವಾದರೆ ಏರಿಸಿ ಬರೆದದ್ದು ಹಾಗೇ ಉಳಿದುಬಿಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಪ್ರವಾಸದ ಎರಡನೆಯ ದಿನ ಅನಘಾ ಬಿದ್ದಳು. ಜೋರಾಗಿ ಬಿದ್ದದ್ದೇನಲ್ಲ, ನಿಧಾನವಾಗಿ ತಿರುಗುವಾಗ ಹಲಗೆಯ ತುದಿ ಹಿಮದಲ್ಲಿ ಸಿಕ್ಕಿಕೊಂಡಿತು. ಬಲಗಾಲಿನ ಕೊಕ್ಕೆ ಬಿಡಲಿಲ್ಲ. ಮೊಣಕಾಲಿನ ಕೆಳಗಿನ ಎಲುಬು ಬಟ್ಟೆ ಹಿಂಡಿದ ಹಾಗೆ ತಿರುಚಿ ಮುರಿದಿತ್ತು. ಅಲ್ಲೊಂದು ಆಪರೇಷನ್, ಇಲ್ಲೊಂದು. ಎಲುಬು ಕೂಡಿತು, ಆದರೆ ಪಾದ ಸ್ವಲ್ಪ ಹೊರಕ್ಕೆ ತಿರುಗಿಯೇ ಉಳಿಯಿತು. ಈಗ ನಡೆಯುತ್ತಾಳೆ, ಓಡುವುದಿಲ್ಲ. ಮೊದಲು ಶಾಲೆಯ ನೆಟ್‌ಬಾಲ್ ತಂಡದಲ್ಲಿದ್ದಳು.

ಆಪರೇಷನ್ ಆದ ಮೇಲೆ ಬೈಂಡಿಂಗ್ ಇಷ್ಟು ಬಿಗಿ ಯಾಕಿತ್ತು ಎಂದು ಸುಧಾ ಕೇಳಿದಳು. ಅಂಗಡಿಗೆ ಹೋದ ದಿನ ಅವಳಿಗೆ ಡ್ಯೂಟಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಅನಘಾ, ತಾನೇ ಮೂರಕ್ಕೆ ಟಿಕ್ ಮಾಡಿದೆ ಎಂದಳು. ಸುಧಾ ನನ್ನ ಕಡೆ ನೋಡಿದಳು. ನಾನು ಕಿಟಕಿ ನೋಡಿದೆ.

ಅಲ್ಲಿಂದ ಹನ್ನೊಂದು ತಿಂಗಳು ನಾನು ಸುಮ್ಮನಿದ್ದೆ. ಫಿಸಿಯೋಥೆರಪಿಗೆ ಕರೆದೊಯ್ಯುವಾಗ, ಬಾತ್‌ರೂಮಿಗೆ ಹಿಡಿದು ನಡೆಸುವಾಗ ಸುಧಾ ತಡೆಯಲಾರದೆ, ಯಾಕೆ ಹಾಗೆ ಬರೆದೆ, ಅಷ್ಟು ಜಂಬ ಯಾಕೆ ಬೇಕಿತ್ತು ಎಂದು ಮಗಳನ್ನು ಕೇಳುತ್ತಿದ್ದಳು. ಅನಘಾ “ಸಾರಿ” ಎನ್ನುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳು ಆ ವರ್ಷದಷ್ಟು ಎಂದೂ ಹೊಳೆದಿಲ್ಲ. ಹೇಡಿತನಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಮುಂದಿನ ಜನವರಿಯಲ್ಲಿ ಸುಧಾ ಆ ಸ್ಕೀಗಳು ಮನೆಯಲ್ಲಿ ಬೇಡ ಎಂದಳು. ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿದಳು. ಹಾರ್ಬೋರ್ನ್‌ನಲ್ಲಿರುವ ಡಾಕ್ಟರ್ ಪಾಟೀಲರು ಶನಿವಾರ ಬೆಳಿಗ್ಗೆ ಬಂದರು. ಧಾರವಾಡದವರು, ನಗುಮುಖದ ಮನುಷ್ಯ. ಹನ್ನೆರಡು ವರ್ಷದ ಮಗಳಿಗೆ ಬೇಕಿತ್ತಂತೆ. ಗ್ಯಾರೇಜಿನಲ್ಲಿ ಹಲಗೆ ತಿರುಗಿಸಿ, ಬ್ರ್ಯಾಂಡಿನ ಹೆಸರು ಓದಿ ತಲೆದೂಗಿದರು. ಅಂಗಡಿಗೆ ಒಯ್ದು ಅವಳ ಅಳತೆಗೆ ಕೊಕ್ಕೆ ಸಡಿಲ ಮಾಡಿಸಿಕೊಳ್ಳಿ ಎಂದೆ.

“ಸಡಿಲ ಯಾಕ್ರೀ?” ಎಂದರು. “ನಮ್ಮ ಹುಡುಗಿ ಭಾಳ ಲಗೂ ಕಲೀತಾಳ. ಫಾರಂನಾಗ ಮೂರು ಅಂತನೇ ಬರಸ್ತೀನಿ.”

ನನ್ನದೇ ದನಿಯನ್ನು ಯಾರೋ ಧಾರವಾಡದ ಕನ್ನಡಕ್ಕೆ ತಿರುಗಿಸಿ ಹೇಳಿದಂತಾಯಿತು. ನಾನು ಹಲಗೆಗಳನ್ನು ಅವರ ಕೈಯಿಂದ ಕಿತ್ತುಕೊಂಡೆ, ಮರ್ಯಾದೆಯಿಂದ ತೆಗೆದುಕೊಂಡೆ ಎಂದು ಸುಳ್ಳು ಹೇಳಲಾರೆ.

“ಇದನ್ನು ಕೊಡಲ್ಲ ಡಾಕ್ಟ್ರೇ. ಮೂರು ಅಂತ ಬರೆದದ್ದು ನಾನು. ಅವಳು ಒಂದು ಅಂದಿದ್ದಳು.”

ಹಿಂದೆ ಬಾಗಿಲಲ್ಲಿ ಸುಧಾ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳ ಹಿಂದೆ ಅನಘಾ. ಪಾಟೀಲರು ಎರಡು ಮಾತು ತೊದಲಿ, ಕಾಫಿ ಕುಡಿಯದೆ ಹೊರಟರು. ಸುಧಾ ಲೋಟ ಕೆಳಗಿಟ್ಟು ಮಗಳ ಕಡೆ ತಿರುಗಿ, ಇಷ್ಟು ದಿನ ತನ್ನ ಹತ್ತಿರ ಸುಮ್ಮನೆ ಬೈಸಿಕೊಂಡದ್ದು ಯಾಕೆ ಎಂದು ಕೇಳಿದಳು.

“ಐ ವಾಸ್ ವೇಟಿಂಗ್ ಫಾರ್ ಹಿಮ್,” ಎಂದಳು ಅನಘಾ.

ನಾನೇ ಹೇಳಲಿ ಎಂದು ಕಾಯುತ್ತಿದ್ದಳಂತೆ, ಹನ್ನೊಂದು ತಿಂಗಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಮೈಸೂರಿನಿಂದ ಅಕ್ಕ ಎಂದಿನ ಭಾನುವಾರದ ಫೋನ್ ಮಾಡಿದಳು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ: ಹುಡುಗಿ ಹಿಮದಲ್ಲಿ ಜಾರಿದಳು, ವಾಸಿಯಾಯಿತು. ಈಗ ಓಡ್ತಾಳೇನೋ ಎಂದು ಅಕ್ಕ ಕೇಳಿದಳು. ಓಡ್ತಾಳೆ ಎಂದೆ, ಯೋಚಿಸದೆ. ಎದುರಿಗೆ ಅನಘಾ ದೋಸೆ ತಿನ್ನುತ್ತಿದ್ದಳು. ಕನ್ನಡ ಆಡದಿದ್ದರೂ ಒಂದಕ್ಷರ ಬಿಡದೆ ಅರ್ಥವಾಗುತ್ತದೆ ಅವಳಿಗೆ. ತಟ್ಟೆಯಿಂದ ತಲೆ ಎತ್ತಿದಳು. ನಾನು, ಇಲ್ಲ ಅಕ್ಕ, ಓಡಲ್ಲ ಎಂದು ಶುರುಮಾಡಿ ಅಂಗಡಿ, ಫಾರಂ, ಸಹಿ ಎಲ್ಲವನ್ನೂ ಹೇಳಿದೆ. ಫೋನ್ ಸ್ಪೀಕರಿನಲ್ಲಿತ್ತು.

ಅಕ್ಕ ದನಿ ತಗ್ಗಿಸಿ, “ಕಾಲಿನ ವಿಷಯ ಇಲ್ಲಿ ಯಾರಿಗೂ ಹೇಳಬೇಡ. ನಾಳೆ ಮದುವೆ ಆಗಬೇಕಾದ ಹುಡುಗಿ,” ಎಂದಳು. ಅವಳ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಅಲ್ಲೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿಯವನಾಗಿದ್ದರೆ ಮೊದಲೇ ಒಂದು ಎಂದು ಬರೆಯುತ್ತಿದ್ದೆನೋ ಏನೋ.

ಇದನ್ನು ಊರಿನವರು ಓದುತ್ತಾರೆ, ಬರೆಯಲೇ ಎಂದು ಅನಘಾಳನ್ನು ಕೇಳಿದೆ. ಸರಿಯಾಗಿ ಬರೆಯುವುದಾದರೆ ಬರಿ ಎಂದಳು, ಅವಳ ಇಂಗ್ಲಿಷಿನಲ್ಲಿ. ಬರೆದದ್ದನ್ನು ಕನ್ನಡದಲ್ಲೇ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ಬಲಗಾಲನ್ನು ಪ್ರತಿ ಮೆಟ್ಟಿಲಲ್ಲೂ ಎಡಗಾಲಿನ ಪಕ್ಕಕ್ಕೆ ತಂದಿಟ್ಟು ಆಮೇಲೆ ಮುಂದಿನದನ್ನು ಹತ್ತುತ್ತಾಳೆ. ಹದಿಮೂರು ಮೆಟ್ಟಿಲುಗಳಿವೆ, ಅವಳು ಹತ್ತಿ ಮುಗಿಸುವವರೆಗೂ ನಾನು ಕೆಳಗೇ ನಿಂತಿರುತ್ತೇನೆ.