ಕೂಟಾಳ ಕಾಗದದ ಹೆಸರು

ಕೌಂಟಿಯವರು ವರ್ಡೆಲ್ ಚಿಸಮ್‌ಗೆ ಒಂದು ವೋಟು ಬಾಕಿ ಇಟ್ಟುಕೊಂಡಿದ್ದಾರೆ. ಕಳೆದ ಜೂನ್ ತಿಂಗಳದ್ದು. ಇನ್ನೂ ಕೊಟ್ಟಿಲ್ಲ, ಕೊಡುವ ಲಕ್ಷಣವೂ ಇಲ್ಲ.

ಟುಲಿ ದ್ವೀಪಕ್ಕೆ ಬಂದು ವರ್ಡೆಲ್ ಮನೆ ಯಾವುದೆಂದು ಕೇಳಿದರೆ ಯಾರೂ ತೋರಿಸಲಾರರು. ಕೂಟಾ ಎಂದು ಕೇಳಿ, ಮಕ್ಕಳು ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಹುಟ್ಟಿದಾಗ ಕತ್ತು ಒಳಗೆಳೆದುಕೊಂಡು ಮಲಗಿದ್ದ ಕೂಸನ್ನು ಸೂಲಗಿತ್ತಿ ಆಮೆ ಎಂದು ಕರೆದಳು. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಈ ಕಡಲಂಚಿನ ಕಪ್ಪು ಜನರ ಮಾತಿನಲ್ಲಿ ಆಮೆಗೆ ಕೂಟಾ. ಇಲ್ಲಿ ಎಲ್ಲರಿಗೂ ಎರಡೆರಡು ಹೆಸರು. ಬುಟ್ಟಿಯಲ್ಲಿ ಮಲಗಿಸಿದಾಗ ಇಟ್ಟದ್ದು ಊರಿಗೆ. ಕಾಗದದ ಹೆಸರು ಶಾಲೆಗೆ, ಶೆರಿಫನಿಗೆ, ಸಾಲ ಕೊಟ್ಟವನಿಗೆ. ಕಾಗದ ಹಿಡಿದು ಬಂದ ಅಪರಿಚಿತನಿಗೆ ಯಾರ ಗುರುತನ್ನೂ ಕೊಡಬಾರದು ಎಂಬುದನ್ನು ಇಲ್ಲಿನ ಮಕ್ಕಳು ನಡೆಯುವುದಕ್ಕೆ ಮುಂಚೆಯೇ ಕಲಿಯುತ್ತಾರೆ. ಹಾಗೆ ಗುರುತು ಕೊಟ್ಟು ಜಮೀನು ಕಳೆದುಕೊಂಡವರು ಪ್ರತಿ ಮನೆಯಲ್ಲೂ ಇದ್ದಾರೆ.

ಕೂಟಾ ಕಡಲ ಸಿಂಪಿ ಒಡೆಯುವ ಶೆಡ್ಡಿನಲ್ಲಿ ಬೆರಳು ಸೆಟೆಯುವವರೆಗೆ ದುಡಿದವಳು. ಹುಡುಗಿಯಾಗಿದ್ದಾಗ ಅವ್ವನ ಜೊತೆ ಕೋರ್ಟಿನ ಕಟ್ಟಡಕ್ಕೆ ಹೋಗಿ, ವೋಟಿನ ಪಟ್ಟಿಗೆ ಹೆಸರು ಬರೆಸಲು ಅವ್ವ ಸಂಜೆತನಕ ನಿಂತು ವಾಪಸಾದದ್ದನ್ನು ಕಂಡವಳು. ತನಗೆ ವೋಟಿನ ವಯಸ್ಸು ಬಂದ ಮೇಲೆ ಒಂದು ಚುನಾವಣೆಯನ್ನೂ ಬಿಟ್ಟಿರಲಿಲ್ಲ.

ಆ ಜೂನಿನಲ್ಲಿ ಬಿಡುವಂತೆಯೇ ಇರಲಿಲ್ಲ. ಅವಳ ಅವ್ವನನ್ನು ಹೂತ ಸ್ಮಶಾನದ ದಾರಿಗೆ ಗಾಲ್ಫ್ ಮೈದಾನದವರು ಗೇಟು ಹಾಕಬೇಕೆಂದಿದ್ದರು. ಬೇಡವೆನ್ನುವ ಒಬ್ಬ, ಆಗಲಿ ಎನ್ನುವ ಒಬ್ಬ, ಇಬ್ಬರೂ ಒಂದೇ ಪಕ್ಷದವರು; ನವೆಂಬರಿನಲ್ಲಿ ಕೌಂಟಿ ಸಭೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಆರಿಸುವ ಜೂನಿನ ಚುನಾವಣೆಯಲ್ಲಿ ಎದುರುಬದುರಾಗಿದ್ದರು. ಕೂಟಾ ಭಾನುವಾರದ ಟೋಪಿ ಹಾಕಿಕೊಂಡು ವೋಟು ನಡೆಯುತ್ತಿದ್ದ ಶಾಲೆಗೆ ಹೋದಳು. ಮೇಜಿನ ಹಿಂದಿದ್ದ ಹುಡುಗಿ ಪಟ್ಟಿಯ ಮೇಲೆ ಬೆರಳಾಡಿಸಿ, ಹೆಸರಿಲ್ಲ ಎಂದಳು. ಬೇರೆ ಲಕೋಟೆಯಲ್ಲಿ ವೋಟು ಹಾಕಿಸಿಕೊಂಡು, ಶುಕ್ರವಾರ ವಿಚಾರಣೆಗೆ ಬನ್ನಿ ಎಂದಳು.

ಶುಕ್ರವಾರ ಸೇತುವೆ ದಾಟಿ ಕೋರ್ಟಿನ ಕಟ್ಟಡಕ್ಕೆ ಹೋದಾಗ ಚುನಾವಣಾ ಮಂಡಳಿಯವರು ಮರ್ಯಾದೆಯಿಂದಲೇ ಮಾತಾಡಿದರು. ನೀವು ಮನೆಯಲ್ಲಿದ್ದೀರಾ ಎಂದು ಖಚಿತಪಡಿಸಿಕೊಳ್ಳಲು ಕಾರ್ಡು ಕಳಿಸಿದ್ದೆವು, ಈ ಹೆಸರಿನವರು ಇಲ್ಲಿಲ್ಲ ಎಂದು ವಾಪಸು ಬಂತು, ಹೆಸರು ತೆಗೆದೆವು, ನಿಯಮ ಹಾಗಿದೆ ಎಂದರು. ಕೂಟಾ ಅವರ ಕಣ್ಣೆದುರೇ ಕೂತಿದ್ದಳು. ಆದರೂ ಲಕೋಟೆಯನ್ನು ಒಡೆಯದೆ ತಿರಸ್ಕರಿಸಿದವುಗಳ ಡಬ್ಬಿಗೆ ಹಾಕಿದರು.

ಅವಳು ಕೂಗಾಡಲಿಲ್ಲ. ಹೊರಗಿನ ಕೌಂಟರಿನ ಗುಮಾಸ್ತೆಯ ಬಳಿಗೆ ಹೋಗಿ, ದ್ವೀಪದವರದು ಇನ್ನೂ ಯಾರ್‍ಯಾರ ಹೆಸರು ತೆಗೆದಿದ್ದೀರಿ, ತೋರಿಸಿ ಎಂದಳು. ಗುಮಾಸ್ತೆ, ಅದು ಕಚೇರಿಯ ಕಾಗದ, ಸೋಮವಾರ ಅರ್ಜಿ ಹಾಕಿ ಎಂದಳು.

"ಅದು ಎಲ್ರಿಗೂ ಸೇರಿದ ಕಾಗದ. ಕೇಳಿದೋರಿಗೆ ತೋರಿಸ್ಬೇಕು ಅಂತ ಕಾನೂನೇ ಇದೆ," ಎಂದಳು ಕೂಟಾ.

"ಮಿಸ್ ವರ್ಡೆಲ್, ಟೈಮ್ ಆಗುತ್ತೆ."

"ಆಗ್ಲಿ. ಇದೇ ಕಟ್ಟಡದಲ್ಲಿ ನಮ್ಮವ್ವನ್ನ ನಿಲ್ಸಿದ್ರು. ನಂಗೆ ಕುರ್ಚಿಯಾದ್ರೂ ಇದೆ."

ಬಾಗಿಲು ಮುಚ್ಚುವ ಹೊತ್ತಿಗೆ ಪಟ್ಟಿ ಕೈಗೆ ಬಂತು. ಬಸ್ಸಿನಲ್ಲಿ ಓದಿದಳು. ಅರ್ಧಕ್ಕರ್ಧ ಹೆಸರು ಅವಳು ಜನ್ಮದಲ್ಲಿ ಕೇಳಿದ್ದಲ್ಲ. ಲಿಯಾಂಡರ್ ಪೊಲೈಟ್ ಎಂಬಲ್ಲಿ ನಿಂತಳು. ವಿಳಾಸ ಅವಳ ಎದುರು ಮನೆಯದು. ಅದರ ಹಿಂದಿನ ವರ್ಷ ಅವಳು ಬೆಂಡೆಕಾಯಿ ಕೀಳುತ್ತಿದ್ದಾಗ ಹೊಸ ಪೋಸ್ಟಿನವನು ಬೇಲಿಯಾಚೆಯಿಂದ ಇದೇ ಹೆಸರು ಕೇಳಿದ್ದ. ಅಂಥವರು ಇಲ್ಲಿ ಯಾರೂ ಇಲ್ಲಪ್ಪ ಎಂದಿದ್ದಳು. ಎದುರು ಮನೆಯಲ್ಲಿ ಇರುವವನು ಕಾಜೋ. ಆಫ್ರಿಕಾದಿಂದ ಬಂದ ಹಿರಿಯರ ಮಾತಿನಲ್ಲಿ ಸೋಮವಾರ ಹುಟ್ಟಿದವನು ಕಾಜೋ.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅವನ ಜಗಲಿಗೆ ಹೋದಳು. ಅವನು ಬೀಸುಬಲೆಯ ಹರಕು ನೇಯುತ್ತಿದ್ದ.

"ಕಾಜೋ, ನಿನ್ ಕಾಗದದ ಹೆಸ್ರೇನೋ?"

ಅವನು ರಸ್ತೆಯ ಕಡೆ ನೋಡಿದ. "ಯಾಕೆ? ಯಾರಾದ್ರೂ ಬಂದಿದಾರಾ?"

"ನಾನೇ ಬಂದಿದೀನಿ. ಹೇಳು."

"ಲಿಯಾಂಡರ್."

"ಹಾಗಾದ್ರೆ ನಿನ್ ವೋಟು ಕಳ್ದಿದ್ದು ನಾನೇ ಕಣೋ. ನನ್ನದನ್ನ ಯಾರು ಕಳೆದ್ರೋ, ವರ್ಡೆಲ್ ಇಲ್ಲ ಅಂದೋರು."

ಕಾಜೋ ಬಲೆಯನ್ನು ತೊಡೆಯ ಮೇಲೆ ಇಳಿಸಿದ. "ವರ್ಡೆಲ್ ಅಂದ್ರೆ ನೀನಾ? ಪೋಸ್ಟಿನವನಿಗೆ ಅಂಥೋಳು ಈ ದ್ವೀಪದಲ್ಲೇ ಇಲ್ಲ ಅಂದ್ಬಿಟ್ನಲ್ಲೇ. ಯಾರೋ ಪಾಪ, ಸಾಲ ಕೊಟ್ಟೋನಿಂದ ಉಳಿಸ್ದೆ ಅಂತ ಆವತ್ತು ಎರಡು ತುತ್ತು ಜಾಸ್ತಿ ಅನ್ನ ಉಂಡಿದ್ದೆ."

ಇಬ್ಬರೂ ನಕ್ಕರು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಕೂಟಾ ಪಟ್ಟಿ ಬಿಚ್ಚಿದಳು. ಹಿರಿಯರಿಗೆ ಸಿಟ್ಟು ಬಂತು. ಕಾಗದದ ಹೆಸರನ್ನು ಬೀದಿಯಲ್ಲಿ ಆಡುತ್ತೀಯಾ, ನಿಮ್ಮವ್ವ ಇದ್ದಿದ್ದರೆ ಕೆನ್ನೆಗೆ ಬಿಡುತ್ತಿದ್ದಳು ಎಂದರು. ಅವಳು ವಾದ ಮಾಡಲಿಲ್ಲ. ಮೊದಲು ತನ್ನದನ್ನೇ ಗಟ್ಟಿಯಾಗಿ ಓದಿದಳು. ಕಾಜೋ ಟೋಪಿ ತೆಗೆದು, ಲಿಯಾಂಡರ್ ನಾನು ಎಂದ. ಆಮೇಲೆ ಹಿಂದಿನಿಂದ ಒಬ್ಬಳು ಎದ್ದಳು, ಅವಳ ಪಕ್ಕದವನು ಎದ್ದ. ಬೇಸಿಗೆ ಮುಗಿಯುವುದರೊಳಗೆ ಎಲ್ಲರೂ ಸೇತುವೆ ದಾಟಿ ಮತ್ತೆ ಹೆಸರು ಬರೆಸಿಕೊಂಡರು. ನವೆಂಬರಿನಲ್ಲಿ ಕೂಟಾ ವೋಟು ಹಾಕಿದಳು.

ಜೂನಿನದು ಮಾತ್ರ ಹೋಯಿತು. ಗೇಟು ಬೇಕೆಂದವನು ಜೂನಿನಲ್ಲೇ ಗೆದ್ದಿದ್ದ; ನವೆಂಬರಿನಲ್ಲಿ ಅವನ ಎದುರು ನಿಂತವರೇ ಇರಲಿಲ್ಲ. ಈಗ ಅವ್ವನ ಗೋರಿಗೆ ಹೂವಿಡಲು ಹೋದರೆ ಗೇಟಿನ ಕಾವಲಿನವನು ಹೆಸರು ಕೇಳುತ್ತಾನೆ. ವರ್ಡೆಲ್ ಚಿಸಮ್ ಎಂದು ಅವಳು ದಾರಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ.

ಕೂಟಾಳದು ತಪ್ಪಿಲ್ಲವೇ, ಕಾಜೋನದು ತಪ್ಪಿಲ್ಲವೇ ಎಂದು ಕೌಂಟಿಯವರು ಕೇಳುತ್ತಾರೆ. ಇರಲಿ. ಒಂದು ಕಾರ್ಡು ವಾಪಸು ಬಂದರೆ ಬದುಕಿರುವ ಮನುಷ್ಯರನ್ನೇ ಇಲ್ಲವೆನ್ನುವ ನಿಯಮ ಇವರಿಬ್ಬರೂ ಕೂತು ಮಾಡಿದ್ದಲ್ಲ.

ಇದನ್ನು ಓದಿ ತಲೆಯಾಡಿಸಿ ಸುಮ್ಮನಾಗಬೇಡಿ. ನಿಮ್ಮ ಎದುರು ಮನೆಯವರ ಕಾಗದದ ಹೆಸರು ನಿಮಗೆ ಗೊತ್ತೇ? ಎದ್ದು ಹೋಗಿ ಕೇಳಿಕೊಂಡು ಬನ್ನಿ. ಆಮೇಲೆ ಪಟ್ಟಿ ಇರುವ ಕಚೇರಿಗೆ ಹೋಗಿ, ತೆಗೆಸಿ ನೋಡಿ. ಸೋಮವಾರ ಬನ್ನಿ ಎಂದರೆ ಕುರ್ಚಿ ಎಳೆದುಕೊಂಡು ಅಲ್ಲೇ ಕೂತುಕೊಳ್ಳಿ.