ಬೀಗರ ಹೊಲದಲ್ಲೊಂದು ಅಟ್ಟಣೆ

ಕೋಳಿಮೊಟ್ಟೆಯನ್ನೂ ಮುಟ್ಟದ ನಾನು ಜಿಂಕೆ ಹೊಡೆಯುವುದಕ್ಕೆ ಅಟ್ಟಣೆ ಕಟ್ಟಿಕೊಟ್ಟಿದ್ದೇನೆ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ವಸುಧಾ ಒಂದು ವರ್ಷದಿಂದ ನಗುತ್ತಿದ್ದಾಳೆ, ನನಗೆ ಅಭ್ಯಾಸವಾಗಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ರಾಗಿ ಹೊಲದ ನಡುವೆ ಅಟ್ಟಣೆ ಇರುತ್ತಿತ್ತು. ಅದರ ಮೇಲೆ ಕೂತು ಡಬ್ಬ ಬಡಿದು, ಕವಣೆ ಬೀಸಿ, ಹಂದಿಗಳನ್ನು ಬೈದು ಓಡಿಸುತ್ತಿದ್ದರು. ಅದು ಗದ್ದಲದ ಅಟ್ಟಣೆ. ನಾವು ವಲಸೆ ಬಂದಿರುವ ಈ ದೇಶದ್ದು ಮೌನದ ಅಟ್ಟಣೆ. ನಾಲ್ಕು ಕಂಬಗಳ ಮೇಲೆ, ಮೂರು ಮೀಟರ್ ಎತ್ತರದಲ್ಲಿ, ಕಿಟಕಿಗಳಿರುವ ಒಂದು ಪುಟ್ಟ ಮರದ ಕೋಣೆ. ಒಳಗೆ ಉಸಿರು ಬಿಗಿಹಿಡಿದು ಕೂರಬೇಕು. ಪ್ರಾಣಿ ತಾನಾಗಿ ಬರಬೇಕು. ಓಡಿಸುವ ವಂಶದಲ್ಲಿ ಹುಟ್ಟಿದ ನಾನು ಕಾಯುವವರಿಗೆ ಕಟ್ಟಿಕೊಡಲು ಹೋದದ್ದೇ ಮೊದಲ ತಪ್ಪು.

ಆದದ್ದು ಹೀಗೆ. ನಮ್ಮ ಒಬ್ಬಳೇ ಮಗಳು ಮೇಘನಾ, ಲ್ಯೂಕ್ ಎಂಬ ಹುಡುಗನನ್ನು ಮದುವೆಯಾದಳು. ಅವನ ಅಪ್ಪ ರಾಸ್‌ಗೆ ಗಿಪ್ಸ್‌ಲ್ಯಾಂಡಿನಲ್ಲಿ ಜಮೀನಿದೆ. ನಾವಿರುವ ಟಾರ್ನೀಟ್‌ನಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ನಮ್ಮ ಕಡೆ ಬೀಗರೆಂದರೆ ಒಂದು ಗತ್ತು. ಕಾಲಿಗೆ ನೀರು ಕೊಡಬೇಕು, ಊಟದಲ್ಲಿ ಮೊದಲ ಎಲೆ ಹಾಕಬೇಕು, ವರ್ಷಕ್ಕೊಮ್ಮೆಯಾದರೂ ಮುನಿಸಿಕೊಳ್ಳಲು ಅವಕಾಶ ಕೊಡಬೇಕು. ರಾಸ್‌ಗೆ ಇದೊಂದೂ ಗೊತ್ತಿಲ್ಲ. ಕೈ ಕುಲುಕಿ ಬಿಯರ್ ಕೊಟ್ಟರು, ಬೇಡವೆಂದಾಗ ನಿಂಬೆ ಶರಬತ್ತು ಕೊಟ್ಟರು, ಆಮೇಲೆ ನನ್ನ ಮಗಳ ಕಡೆ ತಿರುಗಿ ಬೇಟೆಯ ಮಾತು ಶುರು ಮಾಡಿದರು. ನಾನು ಆಲೂಗಡ್ಡೆ ತಿನ್ನುತ್ತಾ ಕೇಳಿಸಿಕೊಂಡೆ. ಜಿರಲೆ ಹೊಡೆದರೂ ಅಳುತ್ತಿದ್ದ ಹುಡುಗಿ ಬಂದೂಕಿನ ಲೈಸೆನ್ಸ್ ತೆಗೆದುಕೊಂಡಿದ್ದಳು. ಬಂದೂಕಿನ ವಿಷಯ ಹಾಳಾಗಿ ಹೋಗಲಿ. ನನ್ನ ಫೋನಿಗೆ "ಯಾ ಅಪ್ಪಾ, ಆಲ್ ಗುಡ್" ಎಂಬ ನಾಲ್ಕು ಮಾತಿನಲ್ಲಿ ಮುಗಿಸುವವಳು ರಾಸ್ ಜೊತೆ ಒಂದು ಗಂಟೆ ಗಾಳಿಯ ದಿಕ್ಕಿನ ಬಗ್ಗೆ ಮಾತಾಡಿದಳು. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಕೊಟ್ಟು ಮರ್ಯಾದೆ ಉಳಿಸಿಕೊಳ್ಳುವುದಿಲ್ಲ.

ಆ ಮಾತಿನ ನಡುವೆ ರಾಸ್, ಹಳೆಯ ಅಟ್ಟಣೆಯ ಒಂದು ಕಾಲು ಕೊಳೆತಿದೆ ಎಂದರು. ನಾನು ತಟ್ಟನೆ ಹೇಳಿದೆ: "ನಾನು ಕಟ್ಟಿಕೊಡ್ತೀನಿ." ನನ್ನನ್ನು ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಸೇತುವೆಗಳ ಡ್ರಾಯಿಂಗ್‌ನಲ್ಲಿ ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ. ಸ್ವಂತ ಕೈಯಿಂದ ಒಂದು ಸ್ಟೂಲು ಕೂಡ ಮಾಡಿದವನಲ್ಲ.

ಆರು ವಾರಾಂತ್ಯ ಹೋಗಿಬಂದೆ. ಗೆದ್ದಲು ಹಿಡಿಯದಂತೆ ಔಷಧಿ ಉಣಿಸಿದ ಪೈನ್ ಕಂಬಗಳು. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು, ಗಾಳಿ ತಳ್ಳಿದರೂ ಮಗುಚಬಾರದು. ನಾಲ್ಕೂ ಬದಿಗೆ ಗುಣಿಸು ಚಿಹ್ನೆಯ ಹಾಗೆ ಅಡ್ಡಪಟ್ಟಿ. ಮೊಳೆಯಲ್ಲ, ಎಲ್ಲ ಕಡೆ ಬೋಲ್ಟು. ಕಾಂಕ್ರೀಟಿಗೆ ಮೊಣಕಾಲಿನಷ್ಟು ಗುಂಡಿ ಸಾಕು ಎಂದರು ರಾಸ್. ನಾನು ಸೊಂಟದವರೆಗೆ ತೋಡಿ, ಕಬ್ಬಿಣ ಹೆಣೆದು ತುಂಬಿಸಿದೆ. ಕೋಣೆಯನ್ನು ನೆಲದ ಮೇಲೆ ಕಟ್ಟಿ ಟ್ರ್ಯಾಕ್ಟರಿನಿಂದ ಎತ್ತಿ ಕೂರಿಸಿದೆವು. ಬೂಟಿನ ಸದ್ದಾಗದಂತೆ ಒಳಗೆ ಕಾರ್ಪೆಟ್, ಕೂತವರ ಮೊಣಕೈ ಎತ್ತರಕ್ಕೆ ಬಂದೂಕು ಊರುವ ಪಟ್ಟಿ, ಮಳೆ ಹಿಂದಕ್ಕೆ ಸುರಿಯುವ ತಗಡಿನ ಮಾಡು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಜಿಂಕೆಗೆಂದು ಕಟ್ಟಿದ್ದು ಆನೆ ಬಂದರೂ ಅಲ್ಲಾಡದಂತಾಯಿತು. ರಾಸ್ ಒಂದು ಕಂಬವನ್ನು ಒದ್ದು ನೋಡಿ, ನನ್ನ ಬೆನ್ನು ತಟ್ಟಿದರು. ಆ ದಿನ ಕಾರು ಓಡಿಸುತ್ತಾ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ನಾಲ್ಕು ಗೋಡೆ, ಒಂದು ಬಾಗಿಲು, ಮೇಲೊಂದು ಮಾಡು ಇದ್ದಮೇಲೆ ಅದು ಮನೆಯಲ್ಲವೇ? ಗೃಹಪ್ರವೇಶ ಮಾಡದೆ ಯಾರಾದರೂ ಒಳಗೆ ಕೂರುತ್ತಾರೆಯೇ? ಮುಂದಿನ ಶನಿವಾರ ನಾನೂ ವಸುಧಾನೂ ಏಣಿ ಹತ್ತಿದೆವು. ಕೆಳಗೆ ರಾಸ್ ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತಿದ್ದರು. ಒಂದು ಕಟ್ಟು ಊದುಬತ್ತಿ, ಸಾಂಬ್ರಾಣಿ, ಕರ್ಪೂರ. ಕ್ಯಾಂಪಿಂಗ್ ಸ್ಟೌವ್ ಮೇಲೆ ಹಾಲು ಉಕ್ಕಿಸಿದೆವು. ಶಾಸ್ತ್ರಕ್ಕೆಂದು ಇಟ್ಟ ಹಾಲು ಧಾರಾಳವಾಗಿಯೇ ಉಕ್ಕಿ ಕಾರ್ಪೆಟ್ಟಿನ ಮೇಲೆ ಹರಿಯಿತು. ಶುಭ ಎಂದಳು ವಸುಧಾ. ಮಳೆ ಬರಬಹುದೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಇಳಿದೆವು. ಬೇಟೆಗೆ ಬರುವವರು ಸೋಪು, ಸೆಂಟು ಹಾಕಿಕೊಳ್ಳಬಾರದು ಎಂದು ರಾಸ್ ಮೊದಲೇ ಮೆಸೇಜ್ ಕಳಿಸಿದ್ದರು. ಆ ನಿಯಮ ಮನುಷ್ಯರಿಗೆ, ದೇವರಿಗಲ್ಲ ಅಂದುಕೊಂಡಿದ್ದೆ.

ಇಲ್ಲಿ ಜಿಂಕೆ ಎಂದರೆ ಹೆಚ್ಚಾಗಿ ನಮ್ಮ ಕಡವೆಯೇ, ಸಾಂಬಾರ್. ಇಂಗ್ಲಿಷರು ತಮ್ಮ ಶೋಕಿಗೆಂದು ಹಿಂದೆ ಯಾವಾಗಲೋ ಹಡಗಿನಲ್ಲಿ ತಂದು ಬಿಟ್ಟವು. ನಮ್ಮ ಹಾಗೆ ವೀಸಾಕ್ಕೆ ಪಾಯಿಂಟ್ಸ್ ಲೆಕ್ಕವಿಲ್ಲ, ಇಂಗ್ಲಿಷ್ ಪರೀಕ್ಷೆಯಿಲ್ಲ, ಇಳಿದ ದಿನವೇ ಪಿಆರ್, ಕಾಯಂ ವಾಸದ ಪರವಾನಗಿ. ಬೆಟ್ಟ ಹತ್ತಿ ಹಾಯಾಗಿ ಸಂಸಾರ ಬೆಳೆಸಿದವು. ಈಗ ಜಾಸ್ತಿಯಾಗಿವೆಯಂತೆ, ಅದಕ್ಕೆ ಹೊಡೆಯುತ್ತಾರೆ. ಇದನ್ನು ಕೇಳಿದಾಗ ನನಗೆ ಸ್ವಲ್ಪ ಇರಿಸುಮುರಿಸಾದದ್ದು ಸುಳ್ಳಲ್ಲ.

ಮೂರು ವಾರ ಬಿಟ್ಟು ಒಂದು ಮುಂಜಾನೆ ರಾಸ್, ಮೇಘನಾ, ನಾನು ಮೂವರೂ ಹತ್ತಿದೆವು. ಗೃಹಪ್ರವೇಶದ ದಿನ ಕೆಲಸವಿದೆಯೆಂದು ಮೇಘನಾ ಬಂದಿರಲಿಲ್ಲ. ಬಾಗಿಲು ತೆಗೆದೊಡನೆ ಮೂಗು ಮುಚ್ಚಿಕೊಂಡಳು.

"ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ಎ ಟೆಂಪಲ್ ಇನ್ ಹಿಯರ್."

"ಹೌದು ಪುಟ್ಟಾ, ಪೂಜೆ ಮಾಡಿದ್ವಿ" ಎಂದೆ, ಹೊಗಳಿದಳೆಂದೇ ತಿಳಿದು.

ಬೆಳಕು ಹರಿಯುವಾಗ ಕಾಡಿನಂಚಿನಲ್ಲಿ ಒಂದು ಕಡವೆ ಬಂತು. ನಾಲ್ಕು ಹೆಜ್ಜೆ ಇಟ್ಟಿತು. ಮೂಗೆತ್ತಿತು. ನಮ್ಮ ಕಡೆಯೇ ನೋಡಿ, ಹಳೆಯ ಬಸ್ಸಿನ ಹಾರ್ನಿನಂತೆ ಒಮ್ಮೆ ಕೂಗಿ, ಮಾಯವಾಯಿತು. ಊರಿನ ವಾಸನೆ ಮರೆತು ತಲೆಮಾರುಗಳಾದ ಪ್ರಾಣಿ. ಸಾಂಬ್ರಾಣಿ ಮೂಗಿಗೆ ಬಡಿದದ್ದೇ ಓಡಿಹೋಯಿತು. ರಾಸ್ ಬಂದೂಕು ಕೆಳಗಿಟ್ಟರು. ನನ್ನ ಮಗಳು ಅವರಿಗೆ ಅಂದಳು, ನನ್ನ ಎದುರಿಗೇ, ತಗ್ಗಿದ ದನಿಯಲ್ಲಿ:

"ಸಾರಿ ರಾಸ್. ಹಿ ಮೀನ್ಸ್ ವೆಲ್."

ಚಿಕ್ಕಂದಿನಲ್ಲಿ ಅವಳು ಯಾರದೋ ಮನೆಯ ಹೂಕುಂಡ ಒಡೆದಾಗ ನಾನೂ ಆ ಮನೆಯವರಿಗೆ ಹೀಗೆಯೇ ಹೇಳಿದ್ದೆ, ಬೇಕೂಂತ ಮಾಡಿಲ್ಲ, ಮಗು ಅಂತ. ಬಾಯಿಗೆ ಬಂದದ್ದನ್ನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕಾರ್ಪೆಟ್ ಕಿತ್ತೆಸೆದರು, ಗೋಡೆ ತೊಳೆದರು, ಕಿಟಕಿ ತೆರೆದಿಟ್ಟರು. ಕಡವೆಗಳು ಆ ಕಡೆ ಸುಳಿಯಲಿಲ್ಲ. ರಾಸ್ ಇನ್ನೊಂದು ತುದಿಯಲ್ಲಿ ಅಂಗಡಿಯಿಂದ ತಂದ ರೆಡಿಮೇಡ್ ಅಟ್ಟಣೆ ನಿಲ್ಲಿಸಿದರು. ನನಗೆ ಯಾರೂ ಹೇಳಲಿಲ್ಲ. ಮೇಘನಾ ತನ್ನ ಮೊದಲ ಬೇಟೆಯ ಫೋಟೋ ಹಾಕಿದಾಗ ಅವಳ ಹಿಂದೆ ಅದನ್ನು ಕಂಡೆ. ನಗುತ್ತಿದ್ದಳು. ಸತ್ತ ಕಡವೆಯನ್ನು ನೋಡಲಾರದೆ ಫೋಟೋ ದೊಡ್ಡದು ಮಾಡಿ ಅಟ್ಟಣೆಯ ಕಾಲುಗಳನ್ನೇ ನೋಡಿದೆ. ಒಂದೇ ಒಂದು ಅಡ್ಡಪಟ್ಟಿಯಿಲ್ಲ. ಆಮೇಲೆ ಅವಳ ಫೋನೂ ಅಪರೂಪವಾಯಿತು.

ಮೊನ್ನೆ ಎರಡು ತಿಂಗಳ ಮೇಲೆ ತಾನಾಗಿ ಮಾಡಿದಳು. ಅಲ್ಲಿ ಬೇಲಿ ಬರುತ್ತದಂತೆ, ನನ್ನ ಅಟ್ಟಣೆ ತೆಗೆಯಬೇಕಂತೆ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರೆ ಸರಪಳಿಯೇ ತುಂಡಾಯಿತಂತೆ. "ಅಪ್ಪಾ, ವಾಟ್ ಡಿಡ್ ಯು ಪುಟ್ ಇನ್ ದೇರ್?" ಎಂದು ನಕ್ಕಳು. ಆಮೇಲೆ, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ: "ನೀವೇ ಬಂದು ಹೇಳ್ಕೊಡ್ತೀರಾ? ನಾನೂ ಇರ್ತೀನಿ."

ಎಲ್ಲಿ ಬಿಚ್ಚಬೇಕು, ಎಲ್ಲಿ ಕೊಯ್ಯಬೇಕು ಎಂದು ಫೋನಿನಲ್ಲೇ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನೋಡದೆ ಹೇಳಕ್ಕಾಗಲ್ಲ, ಬರ್ತೀನಿ ಎಂದೆ.

ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುವಾಗ ವಸುಧಾ ಕೇಳಿದಳು, "ತೆಂಗಿನಕಾಯಿ ಇಡ್ಲಾ?" ಬೇಡ ಎಂದೆ. ನಾಳೆ ಸೋಪು ಹಾಕದೆ ಸ್ನಾನ ಮಾಡಿ ಹೊರಡುತ್ತೇನೆ.

ಕಟ್ಟುವಾಗ ನಾನೇ ಮೇಲೆ ಬಿದ್ದು ಹೋಗಿದ್ದೆ. ಕೀಳುವುದಕ್ಕೆ ಮಗಳೇ ಕರೆದಿದ್ದಾಳೆ. ಒಟ್ಟು ಎಂಬತ್ತನಾಲ್ಕು ಬೋಲ್ಟುಗಳಿವೆ. ಎರಡು ದಿನ ಬೇಕಾಗುತ್ತದೆ ಎಂದು ಹೇಳಿದ್ದೇನೆ. ಅರ್ಧ ದಿನ ಸಾಕು.