ಕತ್ತರಿಸಿ ಹಾಕಿದ ಸ್ಟೀರಿಂಗ್ ಬಾಕ್ಸ್

ಗುಜರಿ ಅಕ್ಕನಿಗೆ ಎಡಗಡೆಯ ಹುಬ್ಬಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಗ್ಯಾಸ್ ಕಟರ್ ಹಿಡಿಯಲು ಕಲಿಯುವಾಗ ಬೆಂಕಿ ಹಾರಿ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲ. ದಿನಾ ಕಾಡಿಗೆಯಲ್ಲಿ ಬರೆದುಕೊಂಡು ಬರುವರು. ಮಧ್ಯಾಹ್ನದ ಹೊತ್ತಿಗೆ ಅದು ಬೆವರಿಗೆ ಕರಗಿ ಕೆನ್ನೆಗೆ ಇಳಿದಿರುತ್ತಿತ್ತು.

ಕಾಮಾಕ್ಷಿಪಾಳ್ಯದ ಅವರ ಗುಜರಿ ಅಂಗಡಿಯ ಹಿಂದಿನ ವಠಾರದಲ್ಲಿ ನಾವಿದ್ದೆವು. ಎರಡು ಸಾವಿರದ ಇಸವಿ ಕಳೆದ ಹೊಸದು. ನಾನು ಬಸವೇಶ್ವರನಗರದ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನ್ ಓಡಿಸುತ್ತಿದ್ದೆ. ಹಳೆಯ ಗಾಡಿ ಬಂದರೆ ಅಕ್ಕ ಸೀಮೆಸುಣ್ಣ ಹಿಡಿದು ಸುತ್ತು ಹಾಕುವರು. ಮಾರುವ ಭಾಗಕ್ಕೆ ಸೊನ್ನೆ, ಕತ್ತರಿಸಿ ತೂಕಕ್ಕೆ ಹಾಕುವುದಕ್ಕೆ ಅಡ್ಡಗೀಟು. ಬಾಗಿಲು, ಸೀಟು, ಗಾಜುಗಳಿಗೆ ಸೊನ್ನೆ ಸಲೀಸಾಗಿ ಬೀಳುತ್ತಿತ್ತು. ಬ್ರೇಕು, ಸ್ಟೀರಿಂಗಿನ ಹತ್ತಿರ ಕೈ ನಿಲ್ಲುತ್ತಿತ್ತು. ಆಗ ಯಾರಾದರೂ ಮಾತಾಡಿಸಿದರೆ "ಸ್ವಲ್ಪ ಸುಮ್ನಿರ್ತೀರಾ?" ಎಂದು ರೇಗುವರು.

ಆ ವರ್ಷ ಶಾಲೆ ತೆರೆಯುವ ವಾರವೇ ನನ್ನ ವ್ಯಾನಿನ ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ಬಾಕ್ಸ್ ಕೆಟ್ಟಿತು. ಆ ಮಾಡೆಲ್ ನಿಂತುಹೋಗಿತ್ತು. ಹೊಸ ಬಾಕ್ಸ್ ಎಲ್ಲೂ ಸಿಗಲಿಲ್ಲ. ಮಕ್ಕಳ ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಬೇರೆ ವ್ಯಾನ್ ಹಿಡಿದರೆ ಅವರು ಮತ್ತೆ ನನ್ನ ಕಡೆ ಬರುವುದಿಲ್ಲವೆಂಬುದು ಗೊತ್ತಿತ್ತು. ಅಷ್ಟರಲ್ಲಿ ಅದೇ ಮಾಡೆಲ್‌ನ ವ್ಯಾನೊಂದು ಅಕ್ಕನ ಅಂಗಡಿಗೆ ಬಂದು ಬಿತ್ತು. ಕೆಂಗೇರಿಯಾಚೆ ಮಗುಚಿಕೊಂಡಿದ್ದ ಗಾಡಿ. ನನ್ನ ಮೆಕ್ಯಾನಿಕ್ಕನನ್ನು ಕರೆದುಕೊಂಡು ಓಡಿದೆ.

ಸ್ಟೀರಿಂಗ್ ಬಾಕ್ಸ್ ಆಗಲೇ ಬಿಚ್ಚಿ ನೆಲದ ಮೇಲಿತ್ತು. ಮೇಲೆ ಅಡ್ಡಗೀಟು.

"ಇದು ಕೊಡಲ್ಲ. ಗಾಡಿ ಯಾಕೆ ಮಗುಚ್ತು ಅಂತ ಯಾರಿಗೂ ಗೊತ್ತಿಲ್ಲ," ಎಂದರು ಅಕ್ಕ.

ಮೆಕ್ಯಾನಿಕ್ ಬಾಕ್ಸನ್ನು ಎತ್ತಿಕೊಂಡು ತಿರುಗಿಸಿ ನೋಡಿದ. "ಬೆಣ್ಣೆ ಥರ ತಿರುಗ್ತಿದೆ ಅಕ್ಕ. ಒಂದು ಗೀರೂ ಇಲ್ಲ. ಸುಮ್ನೆ ಹಾಳು ಮಾಡ್ತೀರಲ್ಲ!"

"ಕೆಳಗಿಡಿ."

ಅವನು ಇಡಲಿಲ್ಲ. ಗೇಟಿನ ಕಡೆ ಹೆಜ್ಜೆ ಹಾಕಿದ. ಅಕ್ಕ ಅಡ್ಡ ಬಂದು ನಿಂತರು. ಅವರ ಕೈಯಲ್ಲಿ ಕಟರ್ ಉರಿಯುತ್ತಿತ್ತು. ನೀಲಿ ಜ್ವಾಲೆ ಸುಯ್ಯೆನ್ನುತ್ತಿತ್ತು. ಕೆಲಸದವರು ಸುತ್ತಿಗೆ ಕೆಳಗಿಟ್ಟು ನಿಂತರು. ಇವನಾಗಲಿ ಅವರಾಗಲಿ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಏನಾಗುವುದೋ ಎಂದು ಹೆದರಿದೆ.

ಅಕ್ಕ ಅವನನ್ನು ನೋಡುತ್ತಲೇ ಇರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಒಂದ್ಸಲ ಹೀಗೇ ಮಾರಿದ್ದೆ. ಒಬ್ರು ಆಟೋದವ್ರಿಗೆ. ಸರಿಯಿಲ್ಲ ಅಂತ ವಾಪಸ್ ಬಂದು ಬೈದಿದ್ರೂ ಚೆನ್ನಾಗಿರ್ತಿತ್ತು. ಅವರು ಈ ಕಡೆ ಬರ್ಲೇ ಇಲ್ಲ. ಏನಾದ್ರು ಅಂತ ಇವತ್ತಿಗೂ ಗೊತ್ತಿಲ್ಲ. ಗಾಡಿ ಓಡಿಸೋರು ನೀವು. ಬೇಕು ಅಂದ್ರೆ ನನ್ನ ಮುಖ ನೋಡ್ಕೊಂಡು ಹೇಳಿ, ದಾರಿ ಬಿಡ್ತೀನಿ."

ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಮಕ್ಕಳ ಮನೆಯವರೇ ಇರಬೇಕು. ಮುಂದಿನ ಸೀಟಿಗಾಗಿ ದಿನಾ ಜಗಳವಾಡುವ ಇಬ್ಬರು ಹುಡುಗಿಯರು ಕಣ್ಣ ಮುಂದೆ ಬಂದರು.

"ಕೆಳಗಿಡಪ್ಪ," ಎಂದೆ.

ಮೆಕ್ಯಾನಿಕ್ ಬಾಕ್ಸನ್ನು ದೊಪ್ಪನೆ ಬಿಸಾಕಿ ಬೈಯುತ್ತಾ ಹೋದ. ಅಕ್ಕ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಎರಡು ಹೋಳು ಮಾಡಿದರು. ಆಮೇಲೆ ಕಟರ್ ಆರಿಸಿದರು.

ಅದೇ ಸಂಜೆ ಅವರೇ ನನ್ನನ್ನು ಕರೆದುಕೊಂಡು ವಿಜಯನಗರಕ್ಕೆ ಹೋದರು, ಪರಿಚಯದ ಇನ್ನೊಬ್ಬ ವ್ಯಾನ್‌ನವರ ಮನೆಗೆ. "ಇವರ ವ್ಯಾನಿನ ಮಕ್ಕಳಿಗೆ ನಿಮ್ಮ ಗಾಡೀಲಿ ಇನ್ನೊಂದು ಟ್ರಿಪ್ ಹೊಡೀರಿ. ಇವರ ಗಾಡಿ ರೆಡಿಯಾದ ತಕ್ಷಣ ವಾಪಸ್ ಬಿಟ್ಕೊಡ್ಬೇಕು, ಹಾಂ!" ಎಂದು ಒಪ್ಪಿಸಿದರು. ಹೊಸ ಬಾಕ್ಸ್ ಕೊನೆಗೆ ತುಮಕೂರಿನ ಒಂದು ಹಳೆಯ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಹುಡುಕಿಸಿದವರೂ ಅವರೇ. ಒಂದು ಮಗುವೂ ನನ್ನ ವ್ಯಾನ್ ಬಿಟ್ಟು ಹೋಗಲಿಲ್ಲ.

ಕತ್ತರಿಸಿದ ಆ ಬಾಕ್ಸ್ ಚೆನ್ನಾಗಿಯೇ ಇದ್ದಿರಬಹುದು. ಒಮ್ಮೆ ಕೇಳಿಯೇಬಿಟ್ಟೆ. "ಇರ್ಬಹುದು," ಎಂದು ಟೀ ಲೋಟ ಕೈಗಿಟ್ಟರು, ಅಷ್ಟೆ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಎದೆನೋವು ಬಂದು ಅಕ್ಕ ಹೋದರು. ಸುದ್ದಿ ಬಂದಾಗ ನಾನು ಶಾಲೆಯ ಗೇಟಿನಲ್ಲಿದ್ದೆ, ಮಕ್ಕಳು ಆಗಷ್ಟೇ ಹತ್ತುತ್ತಿದ್ದರು. ಕಣ್ಣು ಮಂಜಾಗುತ್ತಿತ್ತು. ಒರೆಸಿಕೊಂಡು, ಎಂದಿಗಿಂತ ನಿಧಾನವಾಗಿ ಓಡಿಸಿದೆ. ಪ್ರತಿ ಮಗುವನ್ನೂ ಬಾಗಿಲವರೆಗೆ ಬಿಟ್ಟು ಕಾಮಾಕ್ಷಿಪಾಳ್ಯ ಮುಟ್ಟುವಷ್ಟರಲ್ಲಿ ಅವರನ್ನು ಸ್ಮಶಾನಕ್ಕೆ ತೆಗೆದುಕೊಂಡು ಹೋಗಿಯಾಗಿತ್ತು.